ಮೇಲಿಂದ್ಲೇ ಹೋಗಿದೆ ಮೇಷ್ಟ್ರೇ!

ನಮ್ಮೂರಿನಲ್ಲಿ ಮಳೆ ಬರುತ್ತದೋ ಇಲ್ಲವೋ ತಿಳಿಯಲು ಯಾರೂ ಆಕಾಶ ನೋಡುವುದಿಲ್ಲ, ಫ್ಯಾನು ನೋಡುತ್ತೇವೆ. ಅದು ನಿಂತಿತೆಂದರೆ ಅಂಗಳದಲ್ಲಿ ಹರಡಿದ ಅಡಿಕೆಯನ್ನು ಒಳಗೆ ಎಳೆದುಕೊಳ್ಳಲು ಇನ್ನು ಹತ್ತು ನಿಮಿಷವಿದೆ ಎಂದರ್ಥ. ಪಂಚಾಂಗ ತಪ್ಪಬಹುದು, ಟಿವಿಯವರು ತಪ್ಪಬಹುದು, ಕಪ್ಪೆಯೂ ಒಮ್ಮೊಮ್ಮೆ ಸುಮ್ಮನೆ ವಟಗುಟ್ಟಬಹುದು. ಸಾಗರದ ಸೀಮೆಯಲ್ಲಿ ಕರೆಂಟು ನುಡಿದ ಭವಿಷ್ಯ ಸುಳ್ಳಾದದ್ದನ್ನು ಮಾತ್ರ ನಾನು ಕಂಡಿಲ್ಲ.

ಕರೆಂಟು ಹೋದಾಗ ಗೃಹಸ್ಥನ ಮೊದಲ ಕರ್ತವ್ಯ ಪಕ್ಕದ ಮನೆಯಲ್ಲೂ ಹೋಗಿದೆಯೇ ಎಂದು ಇಣುಕುವುದು. ಹೋಗಿದ್ದರೆ ಅರ್ಧ ದುಃಖ ಕಳೆಯಿತು. ಎರಡನೆಯದು ಲೈನ್‌ಮ್ಯಾನಿಗೆ ಫೋನು ಮಾಡುವುದು. ಸಭ್ಯ ಹುಡುಗ, ನನ್ನ ಹಳೆಯ ವಿದ್ಯಾರ್ಥಿ. ಎಷ್ಟು ಹೊತ್ತಿಗೆ ಕರೆದರೂ ಒಂದೇ ಉತ್ತರ: "ಮೇಲಿಂದ್ಲೇ ಹೋಗಿದೆ ಮೇಷ್ಟ್ರೇ."

ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವನ ತಲೆಯಲ್ಲಿ ಈ ವಾಕ್ಯ ಹುಳ ಬಿಟ್ಟಿತು. 'ಮೇಲೆ' ಎಂಬುದು ಅವ್ಯಯ, ಅದಕ್ಕೆ ಲಿಂಗ ವಚನ ವಿಭಕ್ತಿಗಳ ಕಾಟವಿಲ್ಲ ಎಂದು ನಾನೇ ಕಲಿಸಿದ್ದೆ. ಈ ಹುಡುಗ ಅದಕ್ಕೊಂದು ವಿಭಕ್ತಿ ಹಚ್ಚಿ ಬದುಕು ಸಾಗಿಸುತ್ತಿದ್ದಾನೆ. ಇರಲಿ. ಯಾವುದರ ಮೇಲೆ? ಯಾರ ಮೇಲೆ? ಅವ್ಯಯವಾದರೇನು, ಒಂದು ವಿಳಾಸ ಬೇಡವೇ? ನಿವೃತ್ತನಿಗೆ ಬೇರೆ ಉದ್ಯೋಗವಿಲ್ಲ. ಆ 'ಮೇಲೆ' ಎಲ್ಲಿದೆ ಎಂದು ಹುಡುಕಿಕೊಂಡು ಹೊರಟೆ.

ಮೊದಲ ಮೆಟ್ಟಿಲು ನಮ್ಮ ಅಂಗಳದ ಮೂಲೆಯ ಸಿಮೆಂಟ್ ಕಂಬ. ನೆಡುವಾಗ ನೆಟ್ಟಗಿತ್ತಂತೆ. ಈಗ ಪಿಂಚಣಿಗೆ ಹತ್ತಿರವಾದ ಗುಮಾಸ್ತನ ಹಾಗೆ ತುಸು ಮುಂದಕ್ಕೆ ಬಾಗಿದೆ. ಅದು ಬೀಳದಿರಲೆಂದು ಎಳೆದು ಕಟ್ಟಿದ ಸ್ಟೇ ವೈರಿಗೆ ನಾನು ತೊಂಡೆ ಬಳ್ಳಿ ಹಬ್ಬಿಸಿದ್ದೇನೆ. ಕರೆಂಟು ಬಾರದಿದ್ದರೂ ಆ ಕಂಬದಿಂದ ವಾರಕ್ಕೆರಡು ಸಲ ಪಲ್ಯ ಬರುತ್ತದೆ. ಕಂಬದ ಮೇಲಿನ ತಂತಿಗಳಿಗೆ ಬ್ರಿಟಿಷರು ಪ್ರಾಣಿಗಳ ಹೆಸರಿಟ್ಟು ಹೋಗಿದ್ದಾರೆ. ಒಂದು ಗಾತ್ರದ್ದು 'ವೀಸಲ್', ಇನ್ನೊಂದು 'ರ್‍ಯಾಬಿಟ್'. ನಮ್ಮ ಆಷಾಢದ ಗಾಳಿ ಆನೆ ಹಿಂಡಿನಂತೆ ಬರುತ್ತದೆ. ಅದರೆದುರು ನಿಲ್ಲಲು ನಾವು ಕಟ್ಟಿದ್ದು ಮೊಲ!

ಗಾಳಿ ಇಲ್ಲದಿದ್ದರೆ ಬಿಸಿಲು. ಲೋಹ ಕಾದರೆ ಹಿಗ್ಗುತ್ತದೆ. ವ್ಯಾಕರಣದ ಜೊತೆಗೆ ವಿಜ್ಞಾನವೂ ನನ್ನ ತಲೆಗೇ ಬಂದಿದ್ದರಿಂದ ಇದೂ ಗೊತ್ತು. ಹಿಗ್ಗಿದ ತಂತಿ ಜೋತು ಬೀಳುತ್ತದೆ, ಜೋತು ಬಿದ್ದದ್ದು ಮರಕ್ಕೆ ತಾಗುತ್ತದೆ. 2003ರ ಆಗಸ್ಟ್ 14ರ ಮಧ್ಯಾಹ್ನ ಅಮೆರಿಕದ ಒಹಾಯೊದಲ್ಲಿ ಹೀಗೆ ಜೋತ ತಂತಿಗಳು ಸವರದೆ ಬಿಟ್ಟ ಮರಗಳಿಗೆ ತಾಗಿ, ಸಂಜೆಯ ಹೊತ್ತಿಗೆ ನ್ಯೂಯಾರ್ಕ್ ಸೇರಿ ಐದು ಕೋಟಿ ಜನ ಕತ್ತಲಲ್ಲಿ ಕೂತಿದ್ದರು. ಅಲ್ಲಿಯೂ 'ಜಂಗಲ್ ಕಟಿಂಗ್' ಟೆಂಡರು ಆಗಿರಲಿಲ್ಲವೆಂದು ಕಾಣುತ್ತದೆ. ಅಷ್ಟರಮಟ್ಟಿಗೆ ನಾವು ಆಗಲೇ ಅಮೆರಿಕದ ಸಮಕ್ಕಿದ್ದೆವು.

ಎರಡನೆಯ ಮೆಟ್ಟಿಲು ಊರಬಾಗಿಲಿನ ಟಿಸಿ. ಟ್ರಾನ್ಸ್‌ಫಾರ್ಮರ್ ಎಂದರೆ ನಮ್ಮವರು ಮಿಕಮಿಕ ನೋಡುತ್ತಾರೆ. ಟಿಸಿ ಎಂದರೆ ಮಗುವಿಗೂ ಗೊತ್ತು. ಶಾಲೆಯಲ್ಲಿ ಟಿಸಿ ಕೊಟ್ಟರೆ ಒಂದು ಮಗು ಹೋಗುತ್ತದೆ, ಊರಲ್ಲಿ ಟಿಸಿ ಹೋದರೆ ಊರಿಗೆ ಊರೇ ಹೋಗುತ್ತದೆ. ಸಂಭಾವಿತ ಪ್ರಾಣಿ ಅದು. ಹಗಲೆಲ್ಲ ಹೊರೆ ಹೊತ್ತು ಕಾದು, ರಾತ್ರಿಯ ತಂಪಿಗೆ ಎಣ್ಣೆ ಆರಿಸಿಕೊಂಡು, ಬೆಳಿಗ್ಗೆ ಮತ್ತೆ ಹೆಗಲು ಕೊಡುವುದು ಅದರ ದಿನಚರಿ. ಒಳಗಿನ ಸುರುಳಿಗೆ ಸುತ್ತಿದ ಕಾಗದ ಆರರಿಂದ ಎಂಟು ಡಿಗ್ರಿ ಹೆಚ್ಚು ಕಾದರೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ಈಗ ರಾತ್ರಿಯಲ್ಲೂ ತಂಪಿಲ್ಲ. ಸೆಕೆ ತಾಳದ ಜನ ಎಸಿ ಹಾಕಿಕೊಳ್ಳುತ್ತಾರೆ, ಎಸಿಯ ಹೊರೆ ಟಿಸಿಯ ಮೇಲೆ ಬೀಳುತ್ತದೆ. ಟಿಸಿಗೆ ಎಸಿ ಹಾಕುವವರು ಯಾರೂ ಇಲ್ಲ. ಅದು ಒಂದು ರಾತ್ರಿ 'ಢಂ' ಎಂದು ಸ್ವಯಂನಿವೃತ್ತಿ ತೆಗೆದುಕೊಳ್ಳುತ್ತದೆ.

ಮೂರನೆಯ ಮೆಟ್ಟಿಲು ಒಂದು ಸೆಕ್ಷನ್ ಆಫೀಸು. ಯಾವ ಊರಿನದು ಎಂದು ಬರೆದರೆ ನನ್ನ ಮೀಟರಿನ ಆರೋಗ್ಯಕ್ಕೆ ಒಳ್ಳೆಯದಲ್ಲ. ಅಲ್ಲಿ ಕಾರಣಗಳಿಗೊಂದು ಕ್ಯಾಲೆಂಡರಿದೆ. ಏಪ್ರಿಲ್: ಲೋಡು ಜಾಸ್ತಿ. ಮೇ: ಗುಡುಗು, ಸಿಡಿಲು. ಜೂನ್, ಜುಲೈ: ಮರ ಬಿತ್ತು. ಆಗಸ್ಟ್: ಕಂಬ ಗದ್ದೆಯಲ್ಲಿದೆ, ಗದ್ದೆ ನೀರಲ್ಲಿದೆ. ಅಕ್ಟೋಬರ್: ಮಳೆಯೇ ಆಗಿಲ್ಲ, ಡ್ಯಾಮಿನಲ್ಲಿ ನೀರೆಲ್ಲಿ? ಡಿಸೆಂಬರ್: ಬೇಸಿಗೆಯ ಸಿದ್ಧತೆಗಾಗಿ ದುರಸ್ತಿ.

"ಅಲ್ಲಯ್ಯಾ, ಮಳೆ ಬಂದರೆ ಕಂಬ ಇಲ್ಲ, ಬಾರದಿದ್ದರೆ ಕರೆಂಟೇ ಇಲ್ಲ. ನಡುವೆ ಒಂದು ಕಾಲ ಅಂತ ಇರುತ್ತಲ್ಲ, ಆಗಾದರೂ ಕೊಡಬಾರದೇ?" ಎಂದೆ.

"ನಡುವೆ ಅಂತ ಈಗ ಯಾವ ಕಾಲವೂ ಉಳಿದಿಲ್ಲ ಸಾರ್" ಎಂದರು ಅವರು, ರಿಜಿಸ್ಟರಿನಿಂದ ತಲೆಯೆತ್ತದೆ. ಆ ಕಟ್ಟಡದಲ್ಲಿ ಆ ದಿನ ಆಡಿದ ಅತ್ಯಂತ ವೈಜ್ಞಾನಿಕ ಮಾತು ಅದೇ ಇರಬೇಕು.

ವರ್ಷದ ಈ ಅವಾಂತರವೆಲ್ಲ ಮುಗಿದ ಮೇಲೂ ಪತ್ರಿಕೆಯಲ್ಲಿ 'ಮಳೆ ವಾಡಿಕೆಯಷ್ಟೇ' ಎಂದು ಬರುತ್ತದೆ. ಒಬ್ಬ ಹುಡುಗ ನೂರಕ್ಕೆ ನೂರು ತೆಗೆದು ಪಕ್ಕದವನು ಸೊನ್ನೆ ಸುತ್ತಿದರೆ ತರಗತಿಯ ಸರಾಸರಿ ಐವತ್ತು, ಇಬ್ಬರೂ ಪಾಸು! ಬೆಂಗಳೂರನ್ನೇ ನೋಡಿ. 2024ರ ಏಪ್ರಿಲ್ 28ರಂದು 38.5 ಡಿಗ್ರಿ ಕಾದು ಟಿಸಿಗಳನ್ನು ಹುರಿದ ಅದೇ ಆಕಾಶ, ಐದು ವಾರ ಕಳೆದು ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 133 ವರ್ಷಗಳ ದಾಖಲೆ. ಮರಗಳು ತಂತಿಯನ್ನೂ ಕಂಬವನ್ನೂ ತಬ್ಬಿಕೊಂಡೇ ಮಲಗಿದವು. ಬಿದ್ದ ಕಂಬಕ್ಕೆ ನಾವು ಮಾಡುವುದೇನು? ಅದೇ ಗುಂಡಿಗೆ, ಅದೇ ಅಳತೆಯ, ಅದೇ ಜಾತಿಯ ಇನ್ನೊಂದು ಕಂಬ. ಎಸ್ಟಿಮೇಟಿನ ಪ್ರಕಾರ ಬಿದ್ದದ್ದು ಕಂಬ ಮಾತ್ರ. ಆಕಾಶ ಬದಲಾದದ್ದಕ್ಕೆ ಅದರಲ್ಲಿ ಕಾಲಂ ಇಲ್ಲ.

2022ರ ಸೆಪ್ಟೆಂಬರಿನ ಕತೆ ಇನ್ನೂ ಸೊಗಸು. ಬೆಂಗಳೂರಿನ ಐಟಿ ಬಡಾವಣೆಗಳಲ್ಲಿ ಟ್ರ್ಯಾಕ್ಟರುಗಳೇ ದೋಣಿಗಳಾಗಿದ್ದ ಅದೇ ಹೊತ್ತಿಗೆ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ನಗರಕ್ಕೆ ಕಾವೇರಿ ಎತ್ತಿಕೊಡುವ ಪಂಪ್‌ಹೌಸ್ ಮುಳುಗಿತು. ಮೋಟಾರುಗಳು ನೀರಿನೊಳಗೆ, ಕಾರುಗಳು ನೀರಿನೊಳಗೆ; ನಲ್ಲಿಯಲ್ಲಿ ಮಾತ್ರ ನೀರಿಲ್ಲ. ನೀರು ಎತ್ತಲು ಕರೆಂಟು ಬೇಕು, ಕರೆಂಟು ಹರಿಯಲು ನೀರು ದೂರ ಇರಬೇಕು. ನದಿಗೆ ಈ ಷರತ್ತು ಯಾರೂ ತಿಳಿಸಿರಲಿಲ್ಲ.

ನಾಲ್ಕನೆಯ ಮೆಟ್ಟಿಲು ಬೆಂಗಳೂರಿನ ಲೋಡ್ ಡಿಸ್‌ಪ್ಯಾಚ್ ಸೆಂಟರ್. ರಾಜ್ಯದಲ್ಲಿ ಯಾರಿಗೆ ಎಷ್ಟು ಬಡಿಸಬೇಕೆಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ಅಡುಗೆಮನೆ. ಅನ್ನ ಕಮ್ಮಿಯಾದರೆ ಪಂಕ್ತಿಯ ಕೊನೆಯಲ್ಲಿ ಕೂತವರ ಎಲೆ ಎತ್ತುತ್ತಾರೆ. ಆ ಪಂಕ್ತಿಯ ಕೊನೆ ಹಳ್ಳಿಗಳಲ್ಲಿರುವುದು ಕೇವಲ ಕಾಕತಾಳೀಯ. ಅಲ್ಲಿಯೂ ಹೇಳುವವರು ಅದನ್ನೇ ಹೇಳುತ್ತಾರೆ, ಮೇಲೆ, ದೇಶದ ಗ್ರಿಡ್ ನೋಡಿ ಎಂದು. 2012ರ ಜುಲೈ 30 ಮತ್ತು 31ರಂದು, ಮಳೆ ತಡವಾಗಿ ಗದ್ದೆಗಳ ಪಂಪುಗಳು ಎಡೆಬಿಡದೆ ತಿರುಗುತ್ತಿದ್ದಾಗ, ಉತ್ತರ, ಪೂರ್ವ, ಈಶಾನ್ಯದ ಗ್ರಿಡ್‌ಗಳು ಕುಸಿದು ಅರವತ್ತು ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ ಮುಳುಗಿದರು. ನಾವು ದಕ್ಷಿಣದವರು ಬಚಾವು, ನಮ್ಮ ಗ್ರಿಡ್ ಆಗ ಬೇರೆಯಿತ್ತು. ಮುಂದಿನ ವರ್ಷದ ಕೊನೆಯ ದಿನ ರಾಯಚೂರು–ಸೊಲ್ಲಾಪುರ ತಂತಿ ಕೂಡಿತು, ಇಡೀ ದೇಶ ಒಂದೇ ತಾಳಕ್ಕೆ ಕುಣಿಯತೊಡಗಿತು. ಅಂದಿನಿಂದ ಬೇರೆಯವರ ಬೆಳಕಿನಲ್ಲಿ ನಮಗೂ ಪಾಲಿದೆ, ಕತ್ತಲಿನಲ್ಲೂ.

ಐದನೆಯ ಮೆಟ್ಟಿಲಿಗೆ ನಾನು ದೂರ ಹೋಗಬೇಕಿರಲಿಲ್ಲ. 1964ರಲ್ಲಿ ಕಟ್ಟಿ ಮುಗಿಸಿದ ಲಿಂಗನಮಕ್ಕಿ ನಮ್ಮ ನೆರೆಯಲ್ಲೇ ಇದೆ. ಆ ನೀರಿಗಾಗಿ ಮನೆ, ಗದ್ದೆ, ದೇವರನ್ನೆಲ್ಲ ಎತ್ತಿಕೊಂಡು ಹೊರಟವರ ಮೊಮ್ಮಕ್ಕಳು ಬಹಳ ಕಾಲ ಚಿಮಣಿ ಬುಡ್ಡಿಯಲ್ಲೇ ಓದಿದರು. ದೀಪದ ಬುಡದಲ್ಲಿ ಕತ್ತಲೆ ಎಂದು ಗಾದೆ ಮಾಡಿದವರು ಶರಾವತಿ ಕೊಳ್ಳಕ್ಕೆ ಬಂದು ಹೋದವರೇ ಇರಬೇಕು.

ಡ್ಯಾಮಿನ ದಂಡೆಯ ಮೇಲೆ ನಿಂತಾಗ ಒಂದು ಸತ್ಯ ಹೊಳೆಯಿತು. ನಮ್ಮ ವಿದ್ಯುತ್ ಇಲಾಖೆ ಮೂಲತಃ ಮಳೆಯಾಶ್ರಿತ ರೈತ. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೊತ್ತೊಯ್ದಾಗಲೂ, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪ ಬೆಳಗಿದಾಗಲೂ ಬಿತ್ತಿದ್ದು ಮಳೆ, ಕೊಯ್ದದ್ದು ಬೆಳಕು. ಬೇಸಿಗೆಯಲ್ಲಿ ಶಿವನಸಮುದ್ರ ಸೊರಗಿದಾಗ ಹಿರಿಯರು ಕನ್ನಂಬಾಡಿ ಕಟ್ಟಿ ವರ್ಷದ ಅಕ್ಕಿ ಕಣಜಕ್ಕೆ ತುಂಬಿಸಿದಂತೆ ನೀರು ಕೂಡಿಟ್ಟರು. ಈ ಲೆಕ್ಕದ ಹಿಂದೆ ಒಂದು ನಂಬಿಕೆಯಿತ್ತು: ಮಳೆ ಸರ್ಕಾರಿ ನೌಕರ. ಆರಿದ್ರಾ ಬಂದು ಹಾಜರಿ ಹಾಕುತ್ತಾಳೆ, ಪುನರ್ವಸು ಕೆಲಸ ವಹಿಸಿಕೊಳ್ಳುತ್ತಾಳೆ, ಪುಷ್ಯ ಓವರ್‌ಟೈಮ್ ಮಾಡುತ್ತಾಳೆ, ಆಶ್ಲೇಷ, ಮಘೆ ಸೇರಿ ಲಿಂಗನಮಕ್ಕಿಯ ತುಂಬುಮಟ್ಟ 1,819 ಅಡಿ ಮುಟ್ಟಿಸಿ ಬೀಗದ ಕೈ ಒಪ್ಪಿಸಿ ಹೋಗುತ್ತಾರೆ. ಈ ಸಿಬ್ಬಂದಿ ರಾಜೀನಾಮೆ ಕೊಟ್ಟು ಎಷ್ಟೋ ಕಾಲವಾಯಿತು. ಕಚೇರಿ ಮಾತ್ರ ಇನ್ನೂ ಅಂಗೀಕರಿಸಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಹಾಗೇ ಇದೆ.

2023ರಲ್ಲಿ ಈ ರಾಜೀನಾಮೆ ಬಯಲಿಗೆ ಬಿತ್ತು. 200 ಯೂನಿಟ್‌ವರೆಗೆ ಉಚಿತ ಕೊಡುವ ಗೃಹಜ್ಯೋತಿಗೆ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆ ಸಿಕ್ಕಿತು. ಬೆಂಗಳೂರಿನ ಮೊದಲ ಬೀದಿದೀಪದ ದಿನಾಂಕವೇ. ಬಿಲ್ಲಿನಲ್ಲಿ ಶೂನ್ಯ ಮೂಡಿತು. ಶೂನ್ಯ ಎಷ್ಟು ಸಾಂಕ್ರಾಮಿಕವೆಂದರೆ ಅದೇ ತಿಂಗಳು ಆಕಾಶಕ್ಕೂ ತಗುಲಿತು. 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು. ಆಶ್ಲೇಷ, ಮಘೆ ಇಬ್ಬರೂ ಕೆಲಸಕ್ಕೆ ಚಕ್ಕರ್. ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ. ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಗೊರಕೆ ಹೊಡೆಯುವ ಲಕ್ಷಾಂತರ ಪಂಪ್‌ಸೆಟ್ಟುಗಳು ಒಟ್ಟಿಗೇ ಎದ್ದು ಕೂತವು. ಬೇಡಿಕೆ 15 ಸಾವಿರ ಮೆಗಾವಾಟ್ ದಾಟಿತು. ನೀರಿಲ್ಲದ ಕಾರಣ ನೀರಿನ ಕರೆಂಟಿಲ್ಲ, ನೀರಿಲ್ಲದ ಕಾರಣಕ್ಕೇ ನೀರೆತ್ತಲು ಕರೆಂಟು ಬೇಕು. ಅತ್ತ ದರಿ, ಇತ್ತ ಪುಲಿ. ನಡುವೆ ತ್ರೀ ಫೇಸ್ ಐದು ತಾಸಿಗಿಳಿದ ರೈತ.

ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ ಶುರುವಾಯಿತು. ಖಾಸಗಿ ಉತ್ಪಾದಕರು ಕರೆಂಟನ್ನು ಹೊರಗೆ ಮಾರಬಾರದೆಂದು ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಾಕಿದರು. ಉತ್ತರ ಪ್ರದೇಶ, ಪಂಜಾಬುಗಳ ಬಾಗಿಲಿಗೆ ಸೇರು ಹಿಡಿದು ಹೋಗಿ, ಮುಂದಿನ ಮಳೆಗಾಲದಲ್ಲಿ ತೀರಿಸುತ್ತೇವೆ ಎಂದು ಕೈಗಡ ತಂದರು. ಆ ಮಳೆಗಾಲ ಬರುತ್ತದೆಂದು ಜಾಮೀನು ಕೊಟ್ಟವರು ಯಾರೋ! ಇಲ್ಲಿ ನಾವು ಹನಿಗಾಗಿ ಬಾಯಿಬಿಡುತ್ತಿದ್ದ ಅದೇ ಅಕ್ಟೋಬರಿನ 4ರಂದು ಸಿಕ್ಕಿಂನಲ್ಲಿ ಹಿಮನದಿಯ ಸರೋವರ ಒಡೆದು 1,200 ಮೆಗಾವಾಟಿನ ತೀಸ್ತಾ-3ರ ಅಣೆಕಟ್ಟನ್ನೇ ಹೊತ್ತೊಯ್ದಿತು. ಒಂದೇ ತಿಂಗಳಲ್ಲಿ ಒಂದು ಕಡೆ ನೀರಿಲ್ಲದೆ ಕರೆಂಟಿಲ್ಲ, ಇನ್ನೊಂದು ಕಡೆ ನೀರು ಬಂದು ಕರೆಂಟಿಲ್ಲ. ಮೇಲಿನವನ ಬಡಿಸುವ ಕೈ ಯಾಕೋ ನಡುಗುತ್ತಿದೆ.

"ಹಾಗಾದರೆ ನೀರನ್ನು ನಂಬುವುದೇ ಬೇಡ" ಎಂದು ಬುದ್ಧಿವಂತರು ಹಿಂದೆಯೇ ತೀರ್ಮಾನಿಸಿದ್ದರು. ಅಲ್ಲಿಯವರೆಗೆ ಬಹುತೇಕ ಜಲವಿದ್ಯುತ್ತನ್ನೇ ಉಂಡ ಕರ್ನಾಟಕಕ್ಕೆ 1985ರಲ್ಲಿ ರಾಯಚೂರಿನ ಮೊದಲ ಕಲ್ಲಿದ್ದಲು ಘಟಕ ಬಂತು. ಮಳೆಯ ಹಂಗು ತೀರಿತು ಎಂದುಕೊಂಡೆವು. ಆದರೆ ಕಲ್ಲಿದ್ದಲಿಗೂ ಬಾಯಾರಿಕೆಯಿದೆ. ಕುದಿಸಲು ನೀರು, ತಣಿಸಲು ನೀರು. ಕೃಷ್ಣೆ ಬತ್ತಿದರೆ ಆ ಘಟಕವಿರುವ ಶಕ್ತಿನಗರಕ್ಕೂ ನಿತ್ರಾಣ. ಗಂಗೆಯ ದಡದಲ್ಲೇ ಕೂತ ಫರಕ್ಕಾ ಸ್ಥಾವರ 2016ರ ಮಾರ್ಚಿನಲ್ಲಿ ಕಾಲುವೆಯಲ್ಲಿ ನೀರು ಸಾಲದೆ ನಿಂತಿತು. ಇನ್ನು ಮಳೆ ಜೋರಾದರೆ ಗಣಿಯೇ ಕೆರೆ, ಕಲ್ಲಿದ್ದಲೇ ಕೆಸರು. 2021ರ ಅಕ್ಟೋಬರಿನಲ್ಲಿ ದೇಶದ ಸ್ಥಾವರಗಳ ದಾಸ್ತಾನು ಸರಾಸರಿ ನಾಲ್ಕು ದಿನಕ್ಕಿಳಿದಾಗ ಹೇಳಿದ ಕಾರಣಗಳಲ್ಲಿ ಗಣಿಗಳಿಗೆ ನುಗ್ಗಿದ ಮಳೆಯೂ ಒಂದು. ಮಳೆಯಿಂದ ತಪ್ಪಿಸಿಕೊಳ್ಳಲು ಹೋದವನಿಗೆ ಅಲ್ಲೂ ಮಳೆಯೇ ಬಾಗಿಲು ತೆಗೆಯಿತು.

ಸೂರ್ಯನನ್ನೂ ವಿಚಾರಿಸಿದೆ. ಪಾವಗಡದಲ್ಲಿ 13 ಸಾವಿರ ಎಕರೆಯ ಮೇಲೆ 2,050 ಮೆಗಾವಾಟಿನ ಫಲಕಗಳು ಮಲಗಿವೆ. ಮಳೆ ಬಾರದ್ದನ್ನೇ ಅರ್ಹತೆ ಮಾಡಿಕೊಂಡ ತಾಲ್ಲೂಕು ಬಹುಶಃ ಅದೊಂದೇ. ಆದರೆ ಫಲಕಕ್ಕೂ ಮದುವೆಮನೆಯ ಬೀಗರ ಗುಣ: ಬಿಸಿಲು ಬೇಕು, ಬಿಸಿ ಬೇಡ. 25 ಡಿಗ್ರಿಯ ಮೇಲೆ ಮೈ ಕಾದರೆ ಪ್ರತಿ ಡಿಗ್ರಿಗೂ ಉತ್ಪಾದನೆ ಶೇ 0.3ರಿಂದ 0.5ರಷ್ಟು ಇಳಿಯುತ್ತದೆ. ಸಂಜೆ ನಾವು ಮನೆಗೆ ಬಂದು ಸ್ವಿಚ್ಚು ಒತ್ತುವ ಹೊತ್ತಿಗೆ ಸೂರ್ಯ ಆಫೀಸು ಮುಚ್ಚಿ ಹೊರಟಿರುತ್ತಾನೆ. ಗಾಳಿ ಬಂದಾಗ ತೂರಿಕೋ ಎಂದು ಚಿತ್ರದುರ್ಗ, ಗದಗಿನ ಗುಡ್ಡಗಳ ಮೇಲೆ ರಾಟೆ ನಿಲ್ಲಿಸಿದೆವು. ಗಾಳಿ ಸೆಕೆಂಡಿಗೆ 25 ಮೀಟರಿನ ಆಚೆಗೆ ಹೋದರೆ ಜೀವ ಉಳಿಸಿಕೊಳ್ಳಲು ಅವೂ ರೆಕ್ಕೆ ಮಡಚಿ ನಿಲ್ಲುತ್ತವೆ. ಗಾದೆ ಕಟ್ಟಿದವರು ಬಿರುಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹಗಲಿನ ಬಿಸಿಲನ್ನು ರಾತ್ರಿಗೆ ಉಳಿಸುವ ಉಪಾಯ ನಮ್ಮ ಕಡೆಗೇ ಬಂದಿದೆ: ಗೇರುಸೊಪ್ಪೆಯ ನೀರನ್ನು ಹಗಲು ತಲಕಳಲೆಗೆ ಏರಿಸಿ ರಾತ್ರಿ ಇಳಿಸುವ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಉಪಾಯವೇನೋ ಚೆನ್ನ. ಅದಕ್ಕೆ ಸಿಂಗಳೀಕಗಳ ಕಾಡಿನೊಳಗೆ ಸುರಂಗ ಕೊರೆಯಬೇಕು, ಸಾವಿರಾರು ಮರ ಕಡಿಯಬೇಕು, ಅಷ್ಟೇ. ಹವಾಮಾನ ಕೆಡದಿರಲೆಂದು ಕಾಡು ಕಡಿಯುವುದು, ಕಡಿದ ಕಾಡಿನ ಗುಡ್ಡ ಜರಿಯದಿರಲೆಂದು ಗೋಡೆ ಕಟ್ಟುವುದು, ಗೋಡೆಯ ಎಸ್ಟಿಮೇಟಿಗೆ ಸಹಿ ಹಾಕುವಾಗ ಕರೆಂಟು ಹೋಗುವುದು. ಯಜ್ಞ ಸಾಂಗವಾಗಿ ನಡೆಯುತ್ತದೆ.

ಇಷ್ಟಾದರೂ 'ಮೇಲೆ'ಯ ವಿಳಾಸ ಸಿಗಲಿಲ್ಲ. ಲೈನ್‌ಮ್ಯಾನ್ ಸೆಕ್ಷನ್ ಆಫೀಸು ತೋರಿಸಿದ, ಸೆಕ್ಷನ್ ಆಫೀಸು ಬೆಂಗಳೂರು ತೋರಿಸಿತು, ಬೆಂಗಳೂರು ಡ್ಯಾಮು ತೋರಿಸಿತು, ಡ್ಯಾಮಿನವರು ಬೆರಳೆತ್ತಿ ಆಕಾಶ ತೋರಿಸಿದರು. ಮಂತ್ರಿಗಳಿಗೂ ಕೊನೆಗೆ ಅದೇ ಆಕಾಶವೇ ಗತಿ. ಅದಕ್ಕೆ ವೋಟಿಲ್ಲ, ಪತ್ರಿಕಾಗೋಷ್ಠಿ ಕರೆದು ಸ್ಪಷ್ಟನೆ ಕೊಡುವುದಿಲ್ಲ, ಬೈಸಿಕೊಳ್ಳಲು ಅಷ್ಟು ಅನುಕೂಲದ ಆಫೀಸು ಇನ್ನೊಂದಿಲ್ಲ. ಬಿಲ್ಲಿನಲ್ಲಿ ಇಂಧನ ಹೊಂದಾಣಿಕೆ ಎಂದೊಂದು ಸಾಲು ಬರುತ್ತದಲ್ಲ, ಬರದ ವರ್ಷ ದುಬಾರಿಗೆ ಕೊಂಡ ಕರೆಂಟಿನ ಲೆಕ್ಕ ಅಲ್ಲಿಗೆ ಬಂದು ಕೂರುತ್ತದೆ. ಆಕಾಶ ಕಳಿಸಿದ ರಸೀದಿ ಎಂದು ತಿಳಿದು ಕಟ್ಟುತ್ತೇವೆ.

ಕಳೆದ ಮಂಗಳವಾರ ರಾತ್ರಿ ಮತ್ತೆ ಫ್ಯಾನು ನಿಂತಿತು. ಈ ಸಲ ಮಳೆ ಬಂದು ಹೋಗಿ ಒಂದು ತಾಸಾಗಿತ್ತು. ಮರದ ಹನಿಯಷ್ಟೇ ಉಳಿದಿತ್ತು. ಪಕ್ಕದ ಮನೆಯಲ್ಲೂ ಕತ್ತಲೆ. ಫೋನು ಮಾಡಿದೆ. "ಮೇಲಿಂದ್ಲೇ ಹೋಗಿದೆ ಮೇಷ್ಟ್ರೇ" ಎಂದ. ನಾನೂ ಬಿಡಲಿಲ್ಲ. "ಯಾವ ಮೇಲಿಂದ ಅಂತ ಇವತ್ತು ತೋರಿಸು ಮಾರಾಯ, ಇಲ್ಲದಿದ್ದರೆ ಏಳನೇ ಕ್ಲಾಸಿನಲ್ಲಿ ಹಾಕಿದ ಅಂಕ ವಾಪಸು ತಗೊಳ್ತೇನೆ" ಎಂದೆ.

ಹುಡುಗ ಬೈಕು ಹತ್ತಿ ಬಂದ. ಟಿಸಿಯ ಹತ್ತಿರ ಲೈನು ತೆಗೆಸಿ, ಒಂದೊಂದೇ ಕಂಬಕ್ಕೆ ಟಾರ್ಚು ಬಿಡುತ್ತ, ನಮ್ಮ ಅಂಗಳದ ಮೂಲೆಗೆ ಬಂದು ನಿಂತ. ಏಣಿ ಇಟ್ಟು ಹತ್ತಿದ. ಮೇಲೆ ಕತ್ತಿ ಆಡಿದ ಸದ್ದು. ಏನೋ ಹಸಿರು ಹಸಿರಾದದ್ದು ನನ್ನ ಕಾಲ ಬುಡಕ್ಕೆ ಧೊಪ್ಪನೆ ಬಿತ್ತು. ಎರಡು ತಂತಿಗಳ ನಡುವೆ ಸಿಕ್ಕಿ, ಒದ್ದೆಯಾಗಿ, ಅರ್ಧ ಬೆಂದಿತ್ತು.

"ಏನೋ ಅದು ಮೇಲೆ?" ಎಂದೆ.

"ಮೇಲಿಂದೇನಲ್ಲ ಮೇಷ್ಟ್ರೇ, ಕೆಳಗಿಂದ ಹತ್ತಿದ್ದು" ಎಂದ ಕತ್ತಲಲ್ಲಿ ಇಳಿಯುತ್ತ. "ತೊಂಡೆ ಬಳ್ಳಿ. ಯಾರೋ ಸ್ಟೇ ವೈರಿಗೆ ಹಬ್ಬಿಸಿದ್ದಾರೆ."

ಯಾರೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಫ್ಯೂಸು ಹಾಕಿದ; ಕರೆಂಟು ಬಂತು. ಆ ಬೆಳಕಿನಲ್ಲಿ ನನ್ನ ಮುಖ ಕಾಣದಿರಲಿ ಎಂದು ನಾನು ಲಗುಬಗೆಯಿಂದ ಒಳಗೆ ಹೋಗಿ, ಅಂಗಳದ ದೀಪ ಆರಿಸಿದೆ.